ಮನೆಯಂಗಳದಲ್ಲಿ 407ರ ಎಂಜಿನ್ ಇಳಿಸಿದ ಮೂರು ಭಾನುವಾರಗಳು

ನಮ್ಮ ಮನೆಯ ಟಾಟಾ 407, 2004ರ ಮಾದರಿಯದು. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗೆ, ಉಳಿದ ಕಾಲದಲ್ಲಿ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊರುವುದು ಅದರ ಕೆಲಸ. ಹದಿನೈದು ಕಿಲೋ ತೂಗುವ ಕ್ರೇಟುಗಳನ್ನು ನೂರೈವತ್ತರಷ್ಟು ಹೇರಿದರೆ ಎರಡೂಕಾಲು ಟನ್ ಆಗುತ್ತದೆ. ಕಳೆದ ಹಂಗಾಮಿನವರೆಗೂ ಆ ಭಾರವನ್ನು ಅದು ಗೊಣಗದೆ ಎಳೆದಿತ್ತು. ಆಮೇಲೆ ಏರಿನಲ್ಲಿ ಎಂಜಿನ್ನಿನ ಸದ್ದು ಏರುತ್ತಿದ್ದರೂ ಗಾಡಿಯ ವೇಗ ಏರದಾಯಿತು, ಹಿಂದೆ ನೀಲಿ ಹೊಗೆ ಕಾಣಿಸಿತು, ಬೆಳಿಗ್ಗೆ ಗಾಡಿ ತೆಗೆದ ಮೇಲೆ ಅಂಗಳದಲ್ಲಿ ತಟ್ಟೆಯಗಲದ ಎಣ್ಣೆಯ ಕಲೆ ಉಳಿಯತೊಡಗಿತು.

ಮೊದಲು ಮಾಡಿದ್ದು ಆ ಎಣ್ಣೆ ಯಾವುದೆಂದು ಗುರುತಿಸುವ ಕೆಲಸ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಬೆಲ್ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಒಳಗೆ ಸೋರಿದ್ದೆಲ್ಲ ಅಲ್ಲಿಂದಲೇ ಹೊರಗೆ ಬರುತ್ತದೆ. ಡೀಸೆಲ್ ಎಂಜಿನ್ನಿನ ಎಣ್ಣೆ ಮಸಿಯಿಂದ ಕಪ್ಪಾಗಿರುತ್ತದೆ. ಗೇರ್ ಎಣ್ಣೆ ಅದಕ್ಕಿಂತ ಮಂದ, ಮತ್ತು ಅದರಲ್ಲಿ ಗಂಧಕದ ವಾಸನೆ ಇರುತ್ತದೆ. ಒಮ್ಮೆ ಮೂಸಿದವನು ಮರೆಯುವ ವಾಸನೆಯಲ್ಲ ಅದು. ನಮ್ಮ ಕಲೆ ಕಪ್ಪಾಗಿತ್ತು, ಗಂಧಕದ ವಾಸನೆ ಇರಲಿಲ್ಲ. ಎಂದರೆ ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಸೀಲು ಹೋಗಿ, ಅಲ್ಲಿಂದ ಸೋರಿದ ಎಣ್ಣೆ, ಎಂಜಿನ್ನಿನ ತಿರುವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟಿಗೆ ತಾಗಿ ಪ್ಲೇಟು ಜಾರುತ್ತಿದೆ ಎಂದಾಯಿತು. ಕೆಲಸ ಅಷ್ಟೇ ಆಗಿದ್ದರೆ ಗೇರ್‌ಬಾಕ್ಸನ್ನು ಮಾತ್ರ ಇಳಿಸಿ ಮುಗಿಸಬಹುದಿತ್ತು. ಆದರೆ ಎಂಜಿನ್ ಓಡುವಾಗ ಎಣ್ಣೆ ತುಂಬುವ ಮುಚ್ಚಳ ತೆಗೆದರೆ ಒಲೆಯ ಕೊಳವೆಯಿಂದ ಬಂದಂತೆ ಹೊಗೆ ಗುಪ್ಪುಗುಪ್ಪಾಗಿ ಬರುತ್ತಿತ್ತು. ಪಿಸ್ಟನ್ ರಿಂಗುಗಳನ್ನು ದಾಟಿ ಸುಟ್ಟ ಅನಿಲ ಕೆಳಗಿನ ಚೇಂಬರಿಗೆ ಇಳಿಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸಿಲಿಂಡರಿನ ಒಳಗೋಡೆಯಾದ ಲೈನರು, ಪಿಸ್ಟನ್ನುಗಳ ಕೆಲಸ ಬಂದ ಮೇಲೆ ಎಂಜಿನ್ ಚಾಸಿಯಲ್ಲಿ ಕೂತಿರುವುದಕ್ಕಿಂತ ಹೊರಗೆ ಬರುವುದೇ ಮೇಲು.

ಇದರಲ್ಲಿ ಗಾಡಿಯ ತಪ್ಪೇನೂ ಇಲ್ಲ, ತಪ್ಪು ನನ್ನದು. ಸಾವಿರ ಅಡಿಗೂ ಆಳದ ಬೋರ್‌ವೆಲ್‌ನ ಗಡಸು ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದವನು ನಾನೇ. ಅಡುಗೆಮನೆಯ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಆ ನೀರು ಬಿಳಿ ಪದರ ಕಟ್ಟುವುದನ್ನು ದಿನವೂ ನೋಡುತ್ತಿದ್ದರೂ ಎಂಜಿನ್ನಿನ ಒಳಗೂ ಅದೇ ಆಗುತ್ತಿರಬೇಕೆಂದು ತೋಚಲಿಲ್ಲ. ಆ ಪದರ ಶಾಖವನ್ನು ನೀರಿಗೆ ದಾಟಗೊಡುವುದಿಲ್ಲ. ಸಿಲಿಂಡರಿನ ಗೋಡೆ ಸದಾ ಹೆಚ್ಚು ಬಿಸಿಯಲ್ಲಿರುತ್ತದೆ, ರಿಂಗುಗಳು ಬಿಗಿ ಕಳೆದುಕೊಳ್ಳುತ್ತವೆ.

ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜೊತೆಯಾಗಿ ಎತ್ತಬೇಕೋ, ಗೇರ್‌ಬಾಕ್ಸನ್ನು ಮೊದಲು ಕೆಳಗಿಳಿಸಬೇಕೋ ಎಂಬುದು ಮುಂದಿನ ಪ್ರಶ್ನೆ. ಕ್ರೇನ್ ಇರುವ ಗ್ಯಾರೇಜುಗಳಲ್ಲಿ ಜೊತೆಯಾಗಿ ಎತ್ತುವುದುಂಟು, ಸಮಯವೂ ಉಳಿಯುತ್ತದೆ. ಆದರೆ 407ರ ಎಂಜಿನ್ನಿನ ಹಿಂಭಾಗ ಕ್ಯಾಬಿನ್ನಿನ ಅಡಿಗೆ ಸೇರಿಕೊಂಡಿರುತ್ತದೆ. ಗೇರ್‌ಬಾಕ್ಸ್ ಬಾಲದಂತೆ ಅಂಟಿಕೊಂಡಿದ್ದರೆ ಅಷ್ಟು ಉದ್ದದ ವಸ್ತುವನ್ನು ಮೂತಿ ಮೇಲೆತ್ತಿ ಓರೆಯಾಗಿ ಎಳೆಯಬೇಕು, ಅದಕ್ಕೆ ತಕ್ಕ ಎತ್ತರ ಬೇಕು, ಭಾರವೂ ಹಿಂದಕ್ಕೆ ವಾಲುತ್ತದೆ. ಮನೆಯಲ್ಲಿ ಮಾಡುವವರು ಎರಡು ಸಲ ಶ್ರಮಪಟ್ಟರೂ ಎರಡು ಭಾಗ ಮಾಡಿ ಇಳಿಸುವುದೇ ಸರಿ ಎಂಬುದು ನನ್ನ ತೀರ್ಮಾನವಾಯಿತು. ಸೋದರಮಾವ ಬಂದು ಅದನ್ನೇ ಹೇಳಿದ್ದರಿಂದ ಧೈರ್ಯವೂ ಬಂತು.

ಮಾವ ಕೆ.ಜಿ.ಎಫ್‌ನ ಚಿನ್ನದ ಗಣಿಯಲ್ಲಿ, 2001ರಲ್ಲಿ ಅದು ಮುಚ್ಚುವವರೆಗೂ, ಭಾರ ಎತ್ತಿ ಇಳಿಸುವ ತಂಡದಲ್ಲಿದ್ದವರು. ಎಂಜಿನ್ನಿನ ಬಗ್ಗೆ ಅವರಿಗೆ ನನಗಿಂತ ಕಡಿಮೆ ಗೊತ್ತು. ಭಾರದ ಬಗ್ಗೆ ನಮ್ಮೂರಿನಲ್ಲಿ ಅವರಷ್ಟು ತಿಳಿದವರಿಲ್ಲ. ಬಂದ ದಿನವೇ ಅವರು ಕೇಳಿದ ಪ್ರಶ್ನೆ, "ಬೋಲ್ಟು ಬಿಚ್ಚೋದು ಆಮೇಲಾಗ್ಲಿ. ಬಿಚ್ಚಿದ ಮೇಲೆ ಇದರ ಭಾರ ಯಾರ ಮೇಲೆ ಕೂತ್ಕೊಳ್ತದೆ, ಅದು ಹೇಳಪ್ಪ." ಮೂರೂ ಭಾನುವಾರ ನಾವು ನಡೆದದ್ದು ಆ ಪ್ರಶ್ನೆಯ ಹಿಂದೆಯೇ.

ಫೆಬ್ರವರಿಯನ್ನು ಆರಿಸಿಕೊಳ್ಳಲು ಎರಡು ಕಾರಣಗಳಿದ್ದವು: ಮಾವಿನ ಹಂಗಾಮಿಗೆ ಇನ್ನೂ ಸಮಯವಿತ್ತು, ಮತ್ತು ಅಂಗಳದ ಕೆಂಪು ಮಣ್ಣು ಒಣಗಿ ಗಟ್ಟಿಯಾಗಿತ್ತು. ಮೊದಲ ಭಾನುವಾರ ಬಿಚ್ಚಿದ್ದೆಲ್ಲ ಹಗುರವಾದವು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಕಳಚಿದೆವು. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರು ಚಾಸಿಗೆ ತಗುಲಿದರೆ ಅಲ್ಲೇ ಕಿಡಿ ಹಾರುತ್ತದೆ. ನೀರು, ಎಂಜಿನ್ ಎಣ್ಣೆ, ಗೇರ್ ಎಣ್ಣೆಗಳನ್ನು ಬೇರೆ ಬೇರೆ ಕ್ಯಾನುಗಳಿಗೆ ಇಳಿಸಿದೆವು. ನೀರು ಇಟ್ಟಿಗೆಯ ಬಣ್ಣದ್ದಾಗಿತ್ತು. ಬಾನೆಟ್ಟು, ಮುಂದಿನ ಜಾಲರಿ, ರೇಡಿಯೇಟರು, ಏರ್ ಕ್ಲೀನರಿನ ಕೊಳವೆ, ಸೈಲೆನ್ಸರ್ ಪೈಪಿನ ಜೋಡಣೆ, ಆಕ್ಸಿಲರೇಟರಿನ ಸಂಪರ್ಕ, ಬ್ರೇಕಿಗೆ ಹೋಗುವ ವ್ಯಾಕ್ಯೂಮ್ ಪೈಪು, ಸೆಲ್ಫ್ ಮೋಟರು ಎಲ್ಲವೂ ಮಧ್ಯಾಹ್ನದೊಳಗೆ ಹೊರಗೆ ಬಂದವು.

ಡೀಸೆಲ್ ಪೈಪುಗಳ ವಿಷಯದಲ್ಲಿ ಮಾತ್ರ ಅವಸರ ಮಾಡಲಿಲ್ಲ. ಇಂಜೆಕ್ಷನ್ ಪಂಪಿನ ಒಳಗಿನ ಭಾಗಗಳು ಕೂದಲೆಳೆಗಿಂತಲೂ ಕಡಿಮೆ ಸಂದಿನಲ್ಲಿ ಚಲಿಸುತ್ತವೆ. ನಮ್ಮ ಅಂಗಳದ ದೂಳಿನ ಒಂದು ಕಣ ಒಳಗೆ ಸೇರಿದರೂ ಅದರ ಕತೆ ಮುಗಿಯಿತು. ಆದ್ದರಿಂದ ಪ್ರತಿ ಜೋಡಣೆಯನ್ನೂ ಬಿಚ್ಚುವ ಮೊದಲು ಬ್ರಷ್ಷು, ಡೀಸೆಲ್‌ನಿಂದ ತೊಳೆದು, ಬಿಚ್ಚಿದ ಕೂಡಲೇ ಬಾಯಿಗೆ ಶುಚಿಯಾದ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿದೆವು. ಬಟ್ಟೆ ತುರುಕುವ ಅಭ್ಯಾಸ ಕೆಲವರಿಗಿದೆ, ಅದು ಒಳ್ಳೆಯದಲ್ಲ. ನೂಲು ಒಳಗೆ ಉಳಿಯುತ್ತದೆ.

ನಟ್ಟು ಬೋಲ್ಟುಗಳನ್ನು ಒಂದೇ ಬಾಣಲೆಗೆ ಹಾಕುವುದು ಹೊರಗೆ ತೆಗೆಯುವ ದಿನ ಸುಲಭ, ಮತ್ತೆ ಕೂರಿಸುವ ದಿನ ನರಕ. ಬೆಲ್ ಹೌಸಿಂಗಿನ ಬೋಲ್ಟುಗಳೆಲ್ಲ ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಅದರ ಆಕಾರವನ್ನು ಸುಮಾರಾಗಿ ಬರೆದು, ಯಾವ ಬೋಲ್ಟು ಎಲ್ಲಿತ್ತೋ ರಟ್ಟಿನ ಅದೇ ಜಾಗದಲ್ಲಿ ಚುಚ್ಚಿಟ್ಟೆ. ಉಳಿದವು ಚೀಟಿ ಅಂಟಿಸಿದ ಡಬ್ಬಿಗಳಿಗೆ ಹೋದವು. ಪ್ರತಿ ತಂತಿ, ಪ್ರತಿ ಕೊಳವೆಯ ಜಾಗವನ್ನೂ ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಹಿಡಿದೆ. ಚೀಟಿ ಬರೆದದ್ದು ಮಗಳು. "ಸೈಲೆನ್ಸರ್ ನಟ್ಟು, ಮೂರು, ಒಂದು ಹಾಳು" ಎಂದು ಅವಳು ಬರೆದ ನಿಖರತೆ ನನಗೂ ಬರುತ್ತಿರಲಿಲ್ಲ.

ಎರಡನೆಯ ಭಾನುವಾರ ಗೇರ್‌ಬಾಕ್ಸಿನದು. ಗಾಡಿಯ ಕೆಳಗೆ ಮಲಗಲು, ಮತ್ತು ಇಳಿಸಿದ ಗೇರ್‌ಬಾಕ್ಸನ್ನು ಪಕ್ಕಕ್ಕೆ ಎಳೆಯಲು ಜಾಗ ಬೇಕಾದ್ದರಿಂದ, ಮೊದಲ ಭಾನುವಾರ ಎಂಜಿನ್ ಇನ್ನೂ ಓಡುತ್ತಿದ್ದಾಗಲೇ ಮುಂದಿನ ಚಕ್ರಗಳನ್ನು ಆರಿಂಚು ದಪ್ಪದ ಮರದ ದಿಮ್ಮಿಗಳ ಮೇಲೆ ಹತ್ತಿಸಿ ನಿಲ್ಲಿಸಿದ್ದೆವು. ನಮ್ಮ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ, ಅಂಗಳದಲ್ಲೇ ನಾಲ್ಕು ಚಪ್ಪಡಿ ಬಿದ್ದಿದ್ದವು. ಅವನ್ನು ಜಾಕಿಯ ಅಡಿಗೆ ಇಡಲು ಹೋದಾಗ ಮಾವ ತಡೆದರು. ಕಬ್ಬಿಣ ಕಲ್ಲಿನ ಮೇಲೆ ಜಾರುತ್ತದೆ, ಅಂಚಿಗೆ ಭಾರ ಬಿದ್ದರೆ ಕಲ್ಲು ಮುನ್ಸೂಚನೆಯಿಲ್ಲದೆ ಸೀಳುತ್ತದೆ. ಮರವಾದರೆ ಮೊದಲು ಕಿರುಗುಟ್ಟಿ, ನಜ್ಜಾಗಿ, ಎಚ್ಚರಿಸಿ ಆಮೇಲೆ ಸೋಲುತ್ತದೆ. ಸಿಮೆಂಟಿನ ಟೊಳ್ಳು ಇಟ್ಟಿಗೆಗಳಂತೂ ಈ ಕೆಲಸಕ್ಕೆ ಸಲ್ಲವೇ ಸಲ್ಲವು.

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ತಿರುವು ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮೊದಲು, ಜೋಡಣೆಯಲ್ಲಿ ಮುಖಾಮುಖಿ ಕೂರುವ ಎರಡು ಫ್ಲ್ಯಾಂಜುಗಳ ಮೇಲೂ ಸುಣ್ಣದಿಂದ ಗುರುತು ಹಾಕಿದ್ದೆ. ಮಾವ ಅದನ್ನು ಒರೆಸಿ ಚಾಣದಿಂದ ಗೀಟು ಹೊಡೆಸಿದರು. ಅದೇ ಜಾಗಕ್ಕೆ ಮತ್ತೆ ಕೂರದಿದ್ದರೆ ಶಾಫ್ಟು ಸಮತೋಲ ತಪ್ಪಿ ನಡುಗುವ ಸಂಭವವಿದೆ, ಸುಣ್ಣವಾದರೋ ಎರಡು ದಿನದ ಎಣ್ಣೆಗೈಗೆ ಅಳಿಸಿಹೋಗುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಶಾಫ್ಟು ಹೊರಬಂದ ಕ್ಷಣದಿಂದ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿದ್ದೇವೆ ಎಂಬ ಭರವಸೆಗೆ ಅರ್ಥವಿಲ್ಲ, ಏಕೆಂದರೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧವೇ ಕಡಿದಿರುತ್ತದೆ. ಆದ್ದರಿಂದ ಹಿಂದಿನ ನಾಲ್ಕೂ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಒತ್ತಿದ ಮೇಲೆಯೇ ನಾನು ಕೆಳಗೆ ತೂರಿದ್ದು.

ಪೆಡಲಿನ ಒತ್ತಡವನ್ನು ದ್ರವದ ಮೂಲಕ ಪಡೆದು ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರನ್ನು ಪೈಪು ಬಿಚ್ಚದೆಯೇ ಪಕ್ಕಕ್ಕೆ ಸರಿಸಿ ತಂತಿಯಿಂದ ಚಾಸಿಗೆ ಕಟ್ಟಿದೆವು. ಹಾಗೆ ಮಾಡಿದರೆ ಆಮೇಲೆ ಪೈಪಿನಿಂದ ಗಾಳಿ ತೆಗೆಯುವ ಕೆಲಸ ತಪ್ಪುತ್ತದೆ. ಎಂಜಿನ್ನಿನ ಹಿಂಭಾಗ ಕುಸಿಯದಂತೆ, ಅದರ ಹಿಂತುದಿಯ ಭಾರದ ಚಕ್ರವಾದ ಫ್ಲೈವೀಲಿನ ಹೌಸಿಂಗಿನ ಅಡಿಗೆ ಮರದ ಹಲಗೆ ಇಟ್ಟು ಒಂದು ಸ್ಕ್ರೂ ಜಾಕಿ, ಗೇರ್‌ಬಾಕ್ಸಿನ ಅಡಿಗೆ ತೊಟ್ಟಿಲಿನಂತೆ ಕೆತ್ತಿದ ಮರ ಹೊತ್ತ ಟ್ರಾಲಿ ಜಾಕಿ, ಇವೆರಡೂ ಭಾರ ಹಿಡಿದವೆಂದು ಖಚಿತವಾದ ಮೇಲೆ ಬೋಲ್ಟುಗಳಿಗೆ ಕೈ ಹಾಕಿದೆವು.

ಕೆಳಗಿನ ಬೋಲ್ಟುಗಳು ಸಲೀಸಾಗಿ ಬಂದವು. ಮೇಲಿನ ಎರಡು ಬೋಲ್ಟುಗಳಿಗೆ ಕೈಯೂ ಹೋಗದು, ಕಣ್ಣೂ ಹೋಗದು. ಕ್ಯಾಬಿನ್ನಿನ ಒಳಗಿನ ಮುಚ್ಚಳ ತೆಗೆದು, ಉದ್ದನೆಯ ಎಕ್ಸ್‌ಟೆನ್ಷನ್ನಿಗೆ ಬಾಕ್ಸ್ ಸಾಕೆಟ್ಟು ಸೇರಿಸಿ, ಮೇಲೆ ನಾನು ತಿರುಗಿಸಿದರೆ ಕೆಳಗಿನಿಂದ ತಮ್ಮ ಸಾಕೆಟ್ಟು ಜಾರದಂತೆ ಬೆರಳಿನಿಂದ ಒತ್ತಿ ಹಿಡಿದ. ಹಿಂದಿನ ಸಲ ಕ್ಲಚ್ ಬದಲಿಸಿದವರು ಯಾರೋ ಅದರಲ್ಲೊಂದು ಬೋಲ್ಟಿನ ತಲೆಯನ್ನು ಸವೆಸಿ ದುಂಡಗೆ ಮಾಡಿಟ್ಟಿದ್ದರು. ತುಕ್ಕು ಬಿಡಿಸುವ ಎಣ್ಣೆ ಹಾಕಿ ಊಟ ಮುಗಿಸಿ ಬಂದು, ಒಂದಳತೆ ಚಿಕ್ಕದಾದ ಸಾಕೆಟ್ಟನ್ನು ಸುತ್ತಿಗೆಯಿಂದ ತಲೆಯ ಮೇಲೆ ಬಡಿದು ಕೂರಿಸಿ ತಿರುಗಿಸಿದಾಗ ಅದು ಬಂತು. ಆ ಒಂದು ಬೋಲ್ಟಿಗೆ ಎರಡೂವರೆ ಗಂಟೆ ಹಿಡಿಯಿತು.

ಇಷ್ಟಾದ ಮೇಲೆ ಗೇರ್‌ಬಾಕ್ಸನ್ನು ಹಿಂದಕ್ಕೆ ಎಳೆಯುವ ಘಟ್ಟ. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಹೆಚ್ಚು ಕೆಡುವುದು ಇಲ್ಲಿಯೇ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟು ಕ್ಲಚ್ ಪ್ಲೇಟಿನ ಹಲ್ಲುಗಳ ನಡುವೆ ಹಾದು, ಅದರ ತುದಿ ಎಂಜಿನ್ನಿನ ಹಿಂತುದಿಯಲ್ಲಿರುವ ಪೈಲಟ್ ಬೇರಿಂಗಿನಲ್ಲಿ ಕೂತಿರುತ್ತದೆ. ಬೋಲ್ಟೆಲ್ಲ ಬಂದವೆಂದು ಗೇರ್‌ಬಾಕ್ಸಿನ ಹಿಂಭಾಗವನ್ನು ಕೆಳಗೆ ಬಿಟ್ಟರೆ ಅಷ್ಟೂ ಭಾರ ಆ ಶಾಫ್ಟಿನ ಮೇಲೆ ನೇತಾಡಿ, ಪ್ಲೇಟಿನ ನಡುಭಾಗ ಬಾಗುತ್ತದೆ ಅಥವಾ ಬೇರಿಂಗು ಒಡೆಯುತ್ತದೆ. ಶಾಫ್ಟಿನ ತುದಿ ಕ್ಲಚ್ಚಿನಿಂದ ಪೂರ್ತಿ ಹೊರಬರುವವರೆಗೂ ಗೇರ್‌ಬಾಕ್ಸು ಎಂಜಿನ್ನಿನ ರೇಖೆಯಲ್ಲಿಯೇ ಹಿಂದಕ್ಕೆ ಸರಿಯಬೇಕು. ಹೌಸಿಂಗಿನ ಸುತ್ತ ಬಿಟ್ಟ ಸಂದು ಮೇಲೆ ಕೆಳಗೆ ಒಂದೇ ಅಗಲವಿದೆಯೇ ಎಂದು ತಮ್ಮ ಟಾರ್ಚು ಬಿಟ್ಟು ನೋಡುತ್ತಿದ್ದ, ಮೇಲಿನ ಸಂದು ಹೆಚ್ಚಾದರೆ ನಾನು ಜಾಕಿಯನ್ನು ತುಸು ಏರಿಸುತ್ತಿದ್ದೆ. ಒಂದು ಗೇಣು ಸರಿಯಲು ಇಪ್ಪತ್ತು ನಿಮಿಷ ಬೇಕಾಯಿತು. ಆಮೇಲೆ ಇಳಿಸಿ, ಗೋಣಿಚೀಲದ ಮೇಲೆ ಹೊರಗೆ ಎಳೆಯಲು ಐದೇ ನಿಮಿಷ.

ಕ್ಲಚ್ ಬಿಚ್ಚಿದಾಗ ಊಹೆ ದೃಢಪಟ್ಟಿತು. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆವು. ಒಂದೇ ಕಡೆಯಿಂದ ಬಿಚ್ಚುತ್ತ ಹೋದರೆ ಒಳಗಿನ ಸ್ಪ್ರಿಂಗಿನ ಒತ್ತಡಕ್ಕೆ ಅದರ ಕವಚ ಸೊಟ್ಟಗಾಗುತ್ತದೆ. ಕ್ಲಚ್ ಪ್ಲೇಟಿನ ಮುಖ ಎಣ್ಣೆ ಕುಡಿದು ಗಾಜಿನಂತೆ ಹೊಳೆಯುತ್ತಿತ್ತು, ಫ್ಲೈವೀಲಿನ ಮೇಲೆ ಕಾದ ನೀಲಿ ಕಲೆಗಳಿದ್ದವು.

ಮೂರನೆಯ ಭಾನುವಾರಕ್ಕೆ ಎತ್ತುವ ಸಾಧನ ಬೇಕಿತ್ತು. ತೋಟದಲ್ಲಿ ನೀಲಗಿರಿ ಮರಗಳಿರುವುದರಿಂದ ಮೂರು ಕಂಬ ಕಡಿದು ಮುಕ್ಕಾಲಿ ಕಟ್ಟೋಣವೆಂದು ತಮ್ಮ ಹೇಳಿದ. ಹಸಿ ನೀಲಗಿರಿ ಬಾಗುತ್ತದೆ, ಒಣಗಿದ್ದು ಉದ್ದಕ್ಕೆ ಸೀಳುತ್ತದೆ, ಅದನ್ನು ಬಿಟ್ಟೆವು. ಪರಿಹಾರ ಊರಿನಲ್ಲಿಯೇ ಇತ್ತು. ಬೋರ್‌ವೆಲ್ಲಿನಿಂದ ಮೋಟರು ಎತ್ತುವವರ ಬಳಿ ಕಬ್ಬಿಣದ ಕೊಳವೆಯ ಮುಕ್ಕಾಲಿ ಸ್ಟ್ಯಾಂಡು ಇರುತ್ತದೆ. ನೂರಾರು ಅಡಿ ಕಬ್ಬಿಣದ ಪೈಪು, ಅದರೊಳಗಿನ ನೀರು, ತುದಿಯ ಮೋಟರು ಎಲ್ಲವನ್ನೂ ಸೇರಿಸಿ ಎತ್ತುವ ಸ್ಟ್ಯಾಂಡಿಗೆ ನಮ್ಮ ಎಂಜಿನ್ ದೊಡ್ಡದಲ್ಲ. ಜೊತೆಗೆ, ಕೈಯಿಂದ ಸರಪಳಿ ಎಳೆದು ಭಾರ ಎತ್ತುವ 2 ಟನ್ನಿನ ಚೈನ್ ಬ್ಲಾಕನ್ನೂ ಒಂದು ದಿನದ ಬಾಡಿಗೆಗೆ ತಂದೆವು. ಗಾಡಿಯ ಮುಂಭಾಗವನ್ನು ದಿಮ್ಮಿಗಳಿಂದ ನೆಲಕ್ಕಿಳಿಸಿ, ಎರಡು ಕಾಲು ಗಾಡಿಯ ಅಕ್ಕಪಕ್ಕ, ಒಂದು ಕಾಲು ಮುಂದೆ ಬರುವಂತೆ ಸ್ಟ್ಯಾಂಡು ನಿಲ್ಲಿಸಿದೆವು. ಪ್ರತಿ ಕಾಲಿನ ಅಡಿಗೂ ಎರಡಿಂಚಿನ ಹಲಗೆ ಇಟ್ಟು, ಕಾಲುಗಳು ಅಗಲಕ್ಕೆ ಜಾರದಂತೆ ಬುಡದಲ್ಲಿ ಸುತ್ತ ಸರಪಳಿ ಬಿಗಿದೆವು.

ಎಂಜಿನ್ನಿನ ಭಾರವನ್ನು ಮಾವ ಅರ್ಧ ಟನ್ ಎಂದೇ ಹಿಡಿದು ಲೆಕ್ಕ ಹಾಕಿದರು, ಕಡಿಮೆಯಿದ್ದರೆ ಲಾಭ. ಎಂಜಿನ್ನಿನಲ್ಲಿ ಎತ್ತಲೆಂದೇ ಇರುವ ಎರಡು ಕುಣಿಕೆಗಳಿಗೆ ಸರಪಳಿ ಸಿಕ್ಕಿಸಿ ಕೊಕ್ಕೆಗೆ ಹಾಕುವಾಗ, ಎತ್ತರ ಉಳಿಯಲೆಂದು ನಾನು ಸರಪಳಿಯನ್ನು ಗಿಡ್ಡ ಮಾಡಿದ್ದೆ. ಅವರು ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದರು. 500 ಕಿಲೋ ಭಾರ ನೇರವಾಗಿ ಇಳಿದ ಎರಡು ಸರಪಳಿಗಳಲ್ಲಿದ್ದರೆ ಒಂದೊಂದಕ್ಕೆ 250 ಕಿಲೋ. ಅವು ನೇರ ರೇಖೆಯಿಂದ 45 ಡಿಗ್ರಿ ವಾಲಿದರೆ ಒಂದೊಂದಕ್ಕೂ ಸುಮಾರು 354 ಕಿಲೋ. 60 ಡಿಗ್ರಿ ವಾಲಿದರೆ ಪ್ರತಿ ಸರಪಳಿಯೂ ಪೂರ್ತಿ 500 ಕಿಲೋ ಹೊರಬೇಕು, ಮೇಲಾಗಿ ಕುಣಿಕೆಗಳನ್ನು ಒಳಕ್ಕೆ ಎಳೆದು ಬಗ್ಗಿಸುತ್ತದೆ. ಸರಪಳಿಯನ್ನು ಉದ್ದ ಮಾಡಿದೆವು, ಮುಂದಿನ ತುದಿ ತುಸು ಮೇಲಿರುವಂತೆ ಒಂದು ಕಡೆ ಎರಡು ಕೊಂಡಿ ಕಡಿಮೆ ಹಿಡಿದೆವು. "ತೂಗೋ ಭಾರದ ಕೆಳಗೆ ಕೈ ಇಡಬೇಡಪ್ಪ, ಸರಪಳಿಗೆ ನಿನ್ನ ಪರಿಚಯ ಇಲ್ಲ" ಎಂದು ಅವರು ಆ ದಿನ ಮೂರು ಸಲವಾದರೂ ಹೇಳಿರಬೇಕು.

ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಮೌಂಟಿಂಗ್ ಬೋಲ್ಟುಗಳನ್ನು ತೆಗೆದು ಚೈನ್ ಎಳೆಯಲು ಆರಂಭಿಸಿದಾಗ ಎಂಜಿನ್ ಒಂದಿಂಚು ಎದ್ದಂತೆ ಕಂಡಿತು. ನಾನು ಹುಮ್ಮಸ್ಸಿನಿಂದ ಎಳೆಯುತ್ತಲೇ ಇದ್ದೆ. ಮಾವ ಮಾತ್ರ ಎಂಜಿನ್ನನ್ನು ನೋಡದೆ ಮುಂದಿನ ಚಕ್ರವನ್ನು ನೋಡುತ್ತಿದ್ದರು. "ನಿಲ್ಸು. ಎಂಜಿನ್ ಅಲ್ಲ, ಗಾಡೀನೇ ಏಳ್ತಾ ಐತೆ." ನಿಜ, ಮುಂದಿನ ಸ್ಪ್ರಿಂಗ್ ಪಟ್ಟಿಗಳು ಹಿಗ್ಗಿ ಚಾಸಿಯೇ ಮೇಲೇಳುತ್ತಿತ್ತು. ಎಡಗಡೆಯ ಮೌಂಟಿಂಗಿನ ಸ್ಟಡ್ಡು ತುಕ್ಕಿನಿಂದ ಬ್ರ್ಯಾಕೆಟ್ಟಿಗೆ ಕಚ್ಚಿಕೊಂಡಿತ್ತು. ನಟ್ಟು ಬಂದಿದ್ದರಿಂದ ಅದು ಬಿಟ್ಟಿದೆ ಎಂದುಕೊಂಡಿದ್ದೆವು. ಆ ಬಿಗಿತದಲ್ಲಿ ಸುತ್ತಿಗೆಯ ಏಟು ಹಾಕಿದ್ದರೆ ಎಂಜಿನ್ ಒಮ್ಮೆಲೇ ಹಾರಿ ತೂಗಾಡುತ್ತಿತ್ತು. ಚೈನನ್ನು ಪೂರ್ತಿ ಸಡಿಲಿಸಿ ಭಾರವನ್ನು ಮತ್ತೆ ಚಾಸಿಗೆ ಕೊಟ್ಟು, ಸ್ಟಡ್ಡಿನ ತುದಿಗೆ ನಟ್ಟನ್ನು ಅರ್ಧ ಕೂರಿಸಿ, ಅದರ ಮೇಲೆ ಹಿತ್ತಾಳೆಯ ತುಂಡು ಇಟ್ಟು ಬಡಿದು ಬಿಡಿಸಿದೆವು. ಅಷ್ಟರಲ್ಲಿ ಇನ್ನೊಂದು ಮರೆವೂ ಕಣ್ಣಿಗೆ ಬಿತ್ತು: ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥಿಂಗ್ ಪಟ್ಟಿ, ಗ್ರೀಸಿನಡಿ ಅಡಗಿ, ಹಾಗೆಯೇ ಇತ್ತು.

ಎರಡನೆಯ ಸಲ ಎಂಜಿನ್ ಎರಡಿಂಚು ಎದ್ದ ಕೂಡಲೇ ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಬಿಟ್ಟೆವು. ಹಲಗೆಗಳು ಮಣ್ಣಿಗೆ ಎಷ್ಟು ಇಳಿದವು, ಸರಪಳಿ ಎಲ್ಲಿ ಉಜ್ಜುತ್ತಿದೆ, ಬ್ಲಾಕು ಜಾರುತ್ತಿದೆಯೇ ಎಂದು ನೋಡಿ, ಚಹಾ ಕುಡಿದು ಬಂದ ಮೇಲೆ ಮುಂದುವರಿದೆವು. ನೇತಾಡುವ ಎಂಜಿನ್ನನ್ನು ಮುಂದಕ್ಕೆ ಎಳೆಯಲಿಲ್ಲ; ಎಂಜಿನ್ ಇದ್ದಲ್ಲೇ ಇತ್ತು, ಗಾಡಿಯನ್ನೇ ಹಿಂದಕ್ಕೆ ತಳ್ಳಿದೆವು. ನಾಲ್ಕಿಂಚು ಎತ್ತುವುದು, ಚಕ್ರದ ತುಂಡು ಸರಿಸಿ ಗಾಡಿಯನ್ನು ಅರ್ಧ ಅಡಿ ನೂಕುವುದು, ಮತ್ತೆ ತುಂಡು ಒತ್ತುವುದು, ಮತ್ತೆ ಎತ್ತುವುದು. ಪಕ್ಕದ ಮನೆಯ ಇಬ್ಬರು ಹುಡುಗರು ತಳ್ಳಲು ಬಂದರು, ಸ್ಟಿಯರಿಂಗ್ ಹಿಡಿದದ್ದು ತಮ್ಮ. ಎಂಜಿನ್ನಿನ ಅಡಿಯ ಎಣ್ಣೆತೊಟ್ಟಿಯಾದ ಸಂಪಿನ ತಳ ಮುಂದಿನ ಅಡ್ಡಪಟ್ಟಿಯನ್ನು ಎರಡು ಬೆರಳಿನಷ್ಟು ಅಂತರದಲ್ಲಿ ದಾಟಿತು. ಗಾಡಿ ಪೂರ್ತಿ ಹಿಂದೆ ಸರಿದಾಗ ಮುಂಭಾಗದ ಭಾರ ಕಳೆದುಕೊಂಡ ಚಾಸಿ ನಾಲ್ಕು ಬೆರಳು ಮೇಲೆದ್ದು, ಮೂಗು ಎತ್ತಿದ ಎತ್ತಿನಂತೆ ನಿಂತಿತ್ತು.

ಎಂಜಿನ್ನನ್ನು ಸಂಪಿನ ಮೇಲೆ ಕೂರಿಸಬಾರದು. ಅದು ತೆಳುವಾದ ತಗಡು. ಎಂಜಿನ್ ಬ್ಲಾಕಿನ ಅಂಚುಗಳಿಗೆ ಆಧಾರ ಸಿಗುವಂತೆ ಮೊದಲೇ ಮೊಳೆ ಹೊಡೆದಿಟ್ಟಿದ್ದ ಮರದ ಚೌಕಟ್ಟಿನ ಮೇಲೆ ಇಳಿಸಿ, ಅಲುಗಾಡದೆಂದು ನೋಡಿಕೊಂಡು ಸರಪಳಿ ಬಿಚ್ಚಿದೆವು. ಹೊತ್ತು ಮುಳುಗಲು ಇನ್ನೂ ಒಂದು ಗಂಟೆ ಇದ್ದದ್ದರಿಂದ ಸಿಲಿಂಡರ್ ಹೆಡ್ಡನ್ನೂ ಎತ್ತಿಟ್ಟೆವು. 97 ಮಿಲಿಮೀಟರ್ ವ್ಯಾಸ, 100 ಮಿಲಿಮೀಟರ್ ಸ್ಟ್ರೋಕಿನ ನಾಲ್ಕು ಸಿಲಿಂಡರುಗಳು. ನಾಲ್ಕೂ ಸೇರಿ 2956 ಸಿಸಿ. ಒಂದೊಂದರ ಬಾಯಿಯಲ್ಲೂ ಉಗುರು ಇಳಿಸಿದರೆ, ಮೇಲಿನ ರಿಂಗು ತಲುಪುವ ಎಡೆಯಲ್ಲಿ ಸ್ಪಷ್ಟವಾದ ಮೆಟ್ಟಿಲು ಉಗುರಿಗೆ ತಡೆಯುತ್ತಿತ್ತು. ಮೂರನೆಯದರಲ್ಲಿ ಎಲ್ಲಕ್ಕಿಂತ ಆಳ. ನೀರು ಹರಿಯುವ ಕಂಡಿಗಳ ಒಳಗೆ ಸ್ಕ್ರೂಡ್ರೈವರಿನಿಂದ ಕೆರೆದಾಗ ಪಾತ್ರೆಯ ತಳದಲ್ಲಿ ಕಂಡಿದ್ದ ಅದೇ ಬಿಳಿ ಪದರ ಚಕ್ಕೆಚಕ್ಕೆಯಾಗಿ ಬಂತು.

ಸೋಮವಾರ ಬೆಳಿಗ್ಗೆ ಸ್ಟ್ಯಾಂಡನ್ನು ಹಿಂದಿರುಗಿಸುವ ಮೊದಲು ಅದರಿಂದಲೇ ಎಂಜಿನ್ನನ್ನು ಪಕ್ಕದ ಮನೆಯವರ ಗೂಡ್ಸ್ ಗಾಡಿಗೆ ಏರಿಸಿ, ನಾಲ್ಕೂ ಕಡೆ ಹಗ್ಗ ಬಿಗಿದು ಸಿಲಿಂಡರುಗಳನ್ನು ಕೊರೆದು ಸರಿಪಡಿಸುವ ಕೋಲಾರದ ಬೋರಿಂಗ್ ಅಂಗಡಿಗೆ ಕಳುಹಿಸಿದೆ. ಲೈನರು, ಪಿಸ್ಟನ್ನು, ಬೇರಿಂಗುಗಳ ಅಳತೆ ಅವರು ಕೊಟ್ಟ ಮೇಲೆ ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕು. ಹಿಂಬದಿಯ ಸೀಲು ಕೂರುವ ಜಾಗದಲ್ಲಿ ಕ್ರ್ಯಾಂಕ್‌ಶಾಫ್ಟಿನ ಮೇಲೆ ಸೀಲಿನ ತುಟಿ ಉಜ್ಜಿ ಆದ ಗೆರೆಯೊಂದಿದೆ. ಅದನ್ನು ಸರಿಪಡಿಸದೆ ಹೊಸ ಸೀಲು ಹಾಕಿದರೆ ಮತ್ತೆ ಅಲ್ಲೇ ಸೋರುತ್ತದೆಂದು ಚೀಟಿ ಬರೆದು ಎಂಜಿನ್ನಿಗೆ ಕಟ್ಟಿದ್ದೇನೆ. ಈ ಸಲವೂ ಬರೆದದ್ದು ಮಗಳೇ.